ಹೋಗುವ ಬಣ್ಣ, ನಿಲ್ಲುವ ಬಣ್ಣ

ಹೋದ ವರ್ಷ ಶಿವರಾತ್ರಿಗೆ ಊರಿಗೆ ಹೋದಾಗ ನನ್ನ ಚೀಲದಲ್ಲಿ ಪಿಎಚ್‌ಡಿ ಪ್ರಬಂಧದ ಮೂರನೆಯ ಅಧ್ಯಾಯದ ಕರಡು ಇತ್ತು. 'ಕನ್ನಡ ಕಾದಂಬರಿಗಳಲ್ಲಿ ಅರಿಶಿನದ ಸಂಕೇತ' ಎಂಬುದು ಅದರ ತಲೆಬರಹ. ಅರವತ್ತು ಪುಟ. ನವಲಗುಂದ ತಾಲ್ಲೂಕಿನ ಎರೆಹೊಲಗಳ ನಡುವಿನ ಊರು ನಮ್ಮದು. ಪಡಸಾಲೆಯ ಕಂಬಕ್ಕೆ ಒರಗಿಕೊಂಡು ಅದನ್ನು ತಿದ್ದುತ್ತಿದ್ದೆ. ಎದುರಿಗೆ ಆಯಿ, ಅಂದರೆ ನನ್ನ ಅವ್ವನ ಅವ್ವ, ಮೊರದಲ್ಲಿ ಕಡಲೆ ಹಸನು ಮಾಡುತ್ತಿದ್ದಳು.

"ಏನ ಬರಿಯಾಕತ್ತಿ ತಂಗಿ ಅಷ್ಟ?"

"ಅರಿಷಿಣದ ಬಣ್ಣದ್ದು, ಆಯಿ. ಕತಿಯೊಳಗ ಅದು ಎಲ್ಲೆಲ್ಲಿ ಬರ್ತೈತಿ, ಯಾಕ ಬರ್ತೈತಿ ಅಂತ."

ಆಯಿ ಕೈಯ ಕೆಲಸ ನಿಲ್ಲಿಸಲಿಲ್ಲ. "ಅದು ಹೋಗೂ ಬಣ್ಣ. ಅದನ್ನ ಬರದೀ ಇಲ್ಲೋ?"

ಬರೆದಿರಲಿಲ್ಲ. ಅರವತ್ತು ಪುಟಗಳಲ್ಲಿ ಅರಿಶಿನ ಮಂಗಳದ ಸಂಕೇತವಾಗಿತ್ತು, ಮುತ್ತೈದೆತನದ ಸಂಕೇತವಾಗಿತ್ತು, ಅದರ ಗೈರುಹಾಜರಿ ವೈಧವ್ಯದ ಸಂಕೇತವಾಗಿತ್ತು. ಎಲ್ಲಿಯೂ ಅದು ಬಿಸಿಲಿಗೆ ಮಾಸಿರಲಿಲ್ಲ, ಸಾಬೂನಿಗೆ ಕೆಂಪಾಗಿರಲಿಲ್ಲ, ಯಾರ ಉಗುರಿನ ಸಂದಿಯಲ್ಲೂ ಉಳಿದಿರಲಿಲ್ಲ. ಸಂಕೇತಕ್ಕೆ ಮಾಸುವ ಭಯವಿಲ್ಲ. ಮಾಸುವುದು ಬಟ್ಟೆ. ನಾನು ಬಟ್ಟೆಯನ್ನು ಬಿಟ್ಟು ಸಂಕೇತವನ್ನಷ್ಟೇ ಓದಿದ್ದೆ. ಆಯಿಯ ಒಂದು ಮಾತಿನಿಂದ ಆ ಅಧ್ಯಾಯವನ್ನು ಮೊದಲಿನಿಂದ ಬರೆಯಬೇಕಾಯಿತು. ಈ ಲೇಖನ ಆ ಮರುಬರಹದ ಲೆಕ್ಕ.

ವಿಚಿತ್ರವೆಂದರೆ ನಮ್ಮ ಹಳೆಯ ಕಾವ್ಯಮೀಮಾಂಸೆಗೆ ಆಯಿಯ ಮಾತು ಹೊಸದಲ್ಲ. ನಾವು ದಿನವೂ ಬಳಸುವ 'ರಾಗ' ಎಂಬ ಪದವೇ ಬಣ್ಣ ಅದ್ದುವವರ ಮನೆಯಿಂದ ಬಂದದ್ದು. 'ರಂಜ್' ಎಂದರೆ ಬಣ್ಣ ಹತ್ತುವುದು, ಬಣ್ಣ ಹಚ್ಚುವುದು. ಅದರಿಂದ ರಾಗ, ರಂಗು, ರಂಜನೆ. ಮನಸ್ಸಿಗೆ ಬಣ್ಣ ಹತ್ತಿದರೆ ಅನುರಾಗ, ಅನುರಕ್ತ. ಬಣ್ಣ ಬಿಟ್ಟುಹೋದರೆ ವಿರಾಗ, ವಿರಕ್ತ. ನಮ್ಮ ಕಡೆ ಊರೂರಿಗೆ ವಿರಕ್ತಮಠಗಳಿವೆ. ಬಣ್ಣ ಬಿಟ್ಟವರ ಮಠ ಎಂದು ಅದರ ಅಕ್ಷರಾರ್ಥ. ಆದರೆ ಅಲ್ಲಿಯ ಸ್ವಾಮಿಗಳು ಉಡುವುದು ಬಣ್ಣದ ಬಟ್ಟೆಯನ್ನೇ, ಕಾವಿಯನ್ನು. ಒಂದು ಬಣ್ಣವನ್ನು ಬಿಡಲು ಇನ್ನೊಂದು ಬಣ್ಣ ಬೇಕಾಯಿತು.

14ನೆಯ ಶತಮಾನದ ವಿಶ್ವನಾಥ ತನ್ನ 'ಸಾಹಿತ್ಯದರ್ಪಣ'ದಲ್ಲಿ ಪ್ರೀತಿಯನ್ನು ಮೂರು ಬಣ್ಣಗಳಾಗಿ ವಿಂಗಡಿಸುತ್ತಾನೆ. ನೀಲೀರಾಗ ಎಂಬುದು ಹೆಚ್ಚು ಹೊಳೆಯುವುದಿಲ್ಲ, ಆದರೆ ಬಿಡುವುದೂ ಇಲ್ಲ. ರಾಮ ಸೀತೆಯರದು ಅಂಥದ್ದು ಎನ್ನುತ್ತಾನೆ. ಕುಸುಂಭರಾಗ ಹೊಳೆಯುತ್ತದೆ, ಆದರೆ ಹೋಗಿಬಿಡುತ್ತದೆ. ಮಂಜಿಷ್ಠಾರಾಗ ಹೊಳೆಯುತ್ತದೆ, ಉಳಿಯುತ್ತದೆ ಕೂಡ. ಇದನ್ನು ನಮಗೆ ಎಂ.ಎ. ತರಗತಿಯಲ್ಲಿ ಶೃಂಗಾರದ ಪ್ರಭೇದಗಳೆಂದು ಪಾಠ ಮಾಡಿದ್ದರು. ನೀಲಿ, ಕುಸುಂಭ, ಮಂಜಿಷ್ಠ ಇವು ಗಿಡಗಳೆಂದು ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಪರೀಕ್ಷೆಯಲ್ಲಿ ಮೂರಕ್ಕೆ ಮೂರು ಬರೆದು ಅಂಕ ತೆಗೆದುಕೊಂಡೆ.

ಈ ಪಟ್ಟಿಯಲ್ಲಿ ಅರಿಶಿನವಿಲ್ಲ. ಅದಕ್ಕೆ ಇನ್ನೂ ಕೆಳಗಿನ ಜಾಗ ಸಿಕ್ಕಿದೆ. 10ನೆಯ ಶತಮಾನದ ನಿಘಂಟುಕಾರ ಹಲಾಯುಧ 'ಹರಿದ್ರಾರಾಗ' ಎಂಬ ಪದಕ್ಕೆ ಕ್ಷಣಮಾತ್ರದ ಅನುರಾಗ ಎಂದು ಅರ್ಥ ಕೊಡುತ್ತಾನೆ. ಹರಿದ್ರಾ ಎಂದರೆ ಅರಿಶಿನ. ಅರಿಶಿನದಂಥ ಪ್ರೀತಿಯವನು ಎಂದರೆ ನಂಬಲು ಬಾರದವನು, ಇವತ್ತು ಇದ್ದು ನಾಳೆ ಇಲ್ಲದವನು. ಹಲಾಯುಧ ರಾಷ್ಟ್ರಕೂಟ ಮೂರನೆಯ ಕೃಷ್ಣನನ್ನು ಹೊಗಳಿ ಬರೆದ ಪಂಡಿತ. ಹೆಚ್ಚುಕಡಿಮೆ ಅದೇ ಕಾಲದಲ್ಲಿ, ಅದೇ ರಾಷ್ಟ್ರಕೂಟರ ಸಾಮಂತನಾದ ಅರಿಕೇಸರಿಯ ಆಸ್ಥಾನದಲ್ಲಿ ಪಂಪ ಇದ್ದ. ಅವನ ತಾಯಿಯ ಕಡೆಯವರು ನಮ್ಮ ಅಣ್ಣಿಗೇರಿಯವರು. ಅಂದರೆ ಅರಿಶಿನವನ್ನು ವಿಶ್ವಾಸಘಾತಕ ಬಣ್ಣವೆಂದು ಕರೆದದ್ದು ಎಲ್ಲೋ ದೂರದ ಮಾತಲ್ಲ. ಕನ್ನಡ ಕಾವ್ಯ ಕಣ್ಣು ಬಿಟ್ಟ ರಾಜ್ಯದಲ್ಲೇ ಆಡಿದ ಮಾತು.

ಈಗ ಪ್ರಶ್ನೆ ಹೀಗೆ ನಿಲ್ಲುತ್ತದೆ. ಪಂಡಿತರು ಚಂಚಲವೆಂದು ತಳ್ಳಿದ ಬಣ್ಣವನ್ನೇ ಜನ ಬಿಡಿಸಲಾಗದ ಬಂಧನಕ್ಕೆ ಏಕೆ ಬಳಿದರು? ಮದುವೆಯ ದಾರಕ್ಕೆ ಅರಿಶಿನ, ಕಂಕಣಕ್ಕೆ ಅರಿಶಿನದ ಕೊಂಬು, ಹೊಸ ಸೀರೆ ಉಡುವ ಮೊದಲು ಅದರ ಅಂಚಿಗೊಂದು ಬೊಟ್ಟು ಅರಿಶಿನ. ನಿಲ್ಲಬೇಕಾದಲ್ಲೆಲ್ಲ ನಿಲ್ಲದ ಬಣ್ಣ. ಇದನ್ನು 'ಸಂಪ್ರದಾಯ' ಎಂದು ಹೇಳಿ ಮುಂದೆ ಹೋಗಬಹುದಿತ್ತು. ನನ್ನ ಮೊದಲ ಕರಡು ಹಾಗೆಯೇ ಹೋಗಿತ್ತು.

ಬೇರೆ ಹಳದಿ ಇರಲಿಲ್ಲವೇ ಎಂದು ನೋಡಲು ಧಾರವಾಡ ಜಿಲ್ಲೆಯನ್ನು ಒಮ್ಮೆ ಪಶ್ಚಿಮದಿಂದ ಪೂರ್ವಕ್ಕೆ ದಾಟಿದರೆ ಸಾಕು. ಕಲಘಟಗಿಯ ಕಡೆ ಮಲೆನಾಡಿನ ಸೆರಗು. ಅಲ್ಲಿ ಮುತ್ತುಗ, ಅಳಲೆ, ಹಲಸು. ಫೆಬ್ರುವರಿ ಕೊನೆಗೆ ಎಲೆ ಉದುರಿದ ಮುತ್ತುಗದ ಮರ ಮೈತುಂಬ ಕೆಂಡದಂಥ ಹೂ ಬಿಡುತ್ತದೆ. ಆ ಹೂವನ್ನು ಕುದಿಸಿದರೆ ನೀರು ಹಳದಿಯಾಗಿ, ಚಿಟಿಕೆ ಸುಣ್ಣ ಬಿದ್ದರೆ ಕಿತ್ತಳೆಯಾಗಿ ತಿರುಗುತ್ತದೆ. ಕಾಮನ ಹುಣ್ಣಿಮೆಯ ಓಕುಳಿಗೆ ಹಿಂದೆ ಇದೇ ನೀರು. ಹಲಸಿನ ಮರದ ನಡುತಿರುಳಿನ ಚಕ್ಕೆ ಕುದಿಸಿದರೆ ಗಟ್ಟಿ ಹಳದಿ ಬರುತ್ತದೆ; ಬರ್ಮಾ, ಸಿಂಹಳಗಳ ಬೌದ್ಧ ಭಿಕ್ಷುಗಳ ಚೀವರಕ್ಕೆ ಬಣ್ಣ ಕೊಟ್ಟದ್ದು ಅದೇ. ಅಳಲೆಕಾಯಿಯ ಒಗರು ನೀರಿಗೆ ಪಟಕ ಸೇರಿದರೆ ತಿಳಿಹಳದಿ. ಊರೊಳಗೆ ಸಿಗುವ ದಾಳಿಂಬೆ ಸಿಪ್ಪೆ, ಚೆಂಡುಹೂವು ಕೂಡ ಹಳದಿಯನ್ನೇ ಕೊಡುತ್ತವೆ.

ಕಲಘಟಗಿಯಿಂದ ಹುಬ್ಬಳ್ಳಿ ದಾಟಿ ಪೂರ್ವಕ್ಕೆ ಬಂದರೆ ಮರಗಳು ಮುಗಿದು ಎರೆಭೂಮಿ ಶುರುವಾಗುತ್ತದೆ. ಕುಂದಗೋಳ, ಅಣ್ಣಿಗೇರಿ, ನವಲಗುಂದ. ಇಲ್ಲಿ ಹತ್ತಿ, ಕಡಲೆ, ಬಿಳಿಜೋಳ, ಕುಸುಬಿ. ನೂಲು ಬಯಲಿನದು, ಬಣ್ಣ ಕಾಡಿನದು ಎಂದು ನನಗೆ ಅನ್ನಿಸಿತ್ತು. ಪೂರ್ತಿ ನಿಜವಲ್ಲ, ಏಕೆಂದರೆ ಬಯಲಿಗೆ ತನ್ನದೇ ಒಂದು ಬಣ್ಣದ ಗಿಡವಿದೆ: ಕುಸುಬಿ. ವಿಶ್ವನಾಥನ ಕುಸುಂಭ ಎಂದರೆ ಇದೇ. ಮೈಯೆಲ್ಲ ಮುಳ್ಳಿನ ಗಿಡ, ದನ ಒಳಗೆ ಬಾರದಂತೆ ಹೊಲದ ಬದುವಿಗೂ ಬಿತ್ತುವುದುಂಟು. ಅಣ್ಣಿಗೇರಿಯ ಕೃಷಿ ಸಂಶೋಧನಾ ಕೇಂದ್ರದ ಹೆಸರಿನಲ್ಲಿ 'ಅಣ್ಣಿಗೇರಿ-1' ಎಂಬ ಕುಸುಬಿ ತಳಿಯೇ ಇದೆ, ಅದೇ ಹೆಸರಿನ ಕಡಲೆ ತಳಿಯೂ ಇದೆ. ಇವತ್ತು ನಮಗೆ ಕುಸುಬಿ ಎಂದರೆ ಎಣ್ಣೆ. ಒಂದು ಕಾಲಕ್ಕೆ ಅದು ಬಣ್ಣ.

ಕುಸುಬಿ ಹೂವಿನ ಎಸಳಲ್ಲಿ ಎರಡು ಬಣ್ಣ ಇರುತ್ತವೆ. ಹಳದಿ ನೀರಿಗೆ ಬಿಡುತ್ತದೆ. ಕೆಂಪು ನೀರಿಗೆ ಬಿಡುವುದಿಲ್ಲ, ಬೂದಿನೀರಿನಂಥ ಕ್ಷಾರಕ್ಕೆ ಮಾತ್ರ ಬಿಡುತ್ತದೆ, ಆಮೇಲೆ ಹುಳಿ ಹಿಂಡಿದರೆ ಬಟ್ಟೆಗೆ ಹತ್ತುತ್ತದೆ. ಬೆಲೆ ಇದ್ದದ್ದು ಆ ಗುಲಾಬಿ ಕೆಂಪಿಗೆ. ಆದ್ದರಿಂದ ಬಣ್ಣಗಾರರು ಮೊದಲು ಎಸಳನ್ನು ಮತ್ತೆ ಮತ್ತೆ ತಣ್ಣೀರಿನಲ್ಲಿ ತುಳಿದು ತೊಳೆದು ಹಳದಿಯನ್ನು ಚೆಲ್ಲುತ್ತಿದ್ದರು. ಹೊಳೆಯುತ್ತದೆ ಆದರೆ ಹೋಗುತ್ತದೆ ಎಂದು ಲಕ್ಷಣಕಾರ ಹೇಳಿದ್ದು ಆ ಕೆಂಪಿನ ಬಗ್ಗೆ. ಚೆಲ್ಲಿಹೋದ ಹಳದಿಗೆ ಲಕ್ಷಣವೂ ಇಲ್ಲ, ಉದಾಹರಣೆಯೂ ಇಲ್ಲ. ಶಾಸ್ತ್ರ ಬರೆದವನು ಅದ್ದಿ ಒಣಗಿದ ಬಟ್ಟೆಯನ್ನು ನೋಡಿದ. ಹಳದಿ ನೀರಿನಲ್ಲಿ ನಿಂತವರ ಕಾಲು ಅವನಿಗೆ ಕಾಣಲಿಲ್ಲ.

ಇನ್ನು ಹತ್ತಿಯ ಹಟ. ರೇಷ್ಮೆ, ಉಣ್ಣೆಗಳು ಬಣ್ಣವನ್ನು ಸುಲಭವಾಗಿ ಒಪ್ಪುತ್ತವೆ. ಹತ್ತಿ ಒಪ್ಪುವುದಿಲ್ಲ. ಅದಕ್ಕೆ ಮೊದಲು ಅಳಲೆಕಾಯಿಯ ಒಗರು ಕುಡಿಸಬೇಕು, ಒಣಗಿಸಬೇಕು. ಪಟಕದ ನೀರಿನಲ್ಲಿ ನೆನೆಸಬೇಕು, ಒಣಗಿಸಬೇಕು. ಆಮೇಲೆ ಬಣ್ಣದ ನೀರಿನಲ್ಲಿ ಕುದಿಸಬೇಕು. ಒಗರು ಪಟಕವನ್ನು ಹಿಡಿಯುತ್ತದೆ, ಪಟಕ ಬಣ್ಣವನ್ನು ಹಿಡಿಯುತ್ತದೆ. ನಡುವೆ ಕಬ್ಬಿಣದ ಪಾತ್ರೆ ಬಳಸಿದರೆ ಅಳಲೆಯ ಒಗರು ಕಬ್ಬಿಣಕ್ಕೆ ಸೇರಿ ಹಳದಿ ಕಪ್ಪಾಗುತ್ತದೆ. ಅರಿಶಿನಕ್ಕೆ ಮಾತ್ರ ಇದು ಯಾವುದೂ ಬೇಡ. ಬಿಸಿನೀರಿಗೆ ಪುಡಿ ಹಾಕಿ ಬಟ್ಟೆ ಅದ್ದಿದರೆ ಹತ್ತಿಗೂ ನೇರವಾಗಿ ಹತ್ತುತ್ತದೆ. ಒಗರು, ಪಟಕ ಯಾವುದರ ಮಧ್ಯಸ್ಥಿಕೆಯೂ ಇಲ್ಲ.

ಇದನ್ನೆಲ್ಲ ಪುಸ್ತಕದಲ್ಲಿ ಓದಿ ಬರೆಯುವ ಬದಲು ಒಮ್ಮೆ ಮಾಡಿಯೇ ನೋಡೋಣ ಎಂದುಕೊಂಡೆ. ಹಳೆಯ ಬಿಳಿ ಪಂಚೆಯೊಂದನ್ನು ಹರಿದು ತುಂಡು ಮಾಡಿದೆ. ಕಲಘಟಗಿ ಕಡೆಯ ಗೆಳತಿ ಮುತ್ತುಗದ ಹೂವು ಒಣಗಿಸಿ ಕಳಿಸಿದಳು. ಅಳಲೆಕಾಯಿ, ಪಟಕ ನವಲಗುಂದದ ಸಂತೆಯಲ್ಲಿ ಸಿಕ್ಕವು. ಹಿತ್ತಲಲ್ಲಿ ಮೂರು ಕಲ್ಲಿನ ಒಲೆ ಹೂಡಿ ಒಂದೊಂದೇ ತುಂಡನ್ನು ಅದ್ದಿದೆ. ಆಯಿ ಬಾಗಿಲಲ್ಲಿ ನಿಂತು, "ಪಿಎಚ್‌ಡಿ ಅಂದ್ರ ಇದ ಏನ?" ಎಂದಳು.

ಅರಿಶಿನದ ತುಂಡು ಐದೇ ನಿಮಿಷದಲ್ಲಿ ಕಣ್ಣು ಕುಕ್ಕುವ ಹಳದಿಯಾಯಿತು. ದಾಳಿಂಬೆ ಸಿಪ್ಪೆಯದು ಎರಡು ದಿನದ ಕೆಲಸ, ಬಂದದ್ದು ಸಾಸಿವೆಯಂಥ ಮಬ್ಬು ಹಳದಿ. ಮುತ್ತುಗದ್ದು ಇವೆರಡರ ನಡುವೆ. ಮೂರನ್ನೂ ಅರ್ಧರ್ಧ ಹಂಚಿನ ಕೆಳಗೆ ಮುಚ್ಚಿ, ಇನ್ನರ್ಧ ಬಿಸಿಲಿಗೆ ಬಿಟ್ಟೆ. ಒಂದು ವಾರಕ್ಕೆ ಅರಿಶಿನದ ಬಿಸಿಲು ಕಂಡ ಅರ್ಧ ಸೋತು ಬಿಳಿಚಿಕೊಂಡಿತು; ಹಂಚಿನ ಅಂಚಿನ ಗೆರೆ ಬಟ್ಟೆಯ ಮೇಲೆ ಬರೆದಂತೆ ಮೂಡಿತ್ತು. ಮುತ್ತುಗ ಸ್ವಲ್ಪ ಮಂಕಾಗಿತ್ತು. ದಾಳಿಂಬೆಯ ತುಂಡಿನಲ್ಲಿ ಮುಚ್ಚಿದ್ದು ಯಾವ ಕಡೆ ಎಂದು ಹುಡುಕಬೇಕಾಯಿತು. ಅರಿಶಿನದ ಇನ್ನೊಂದು ತುಂಡನ್ನು ಪಟಕ ಹಾಕಿ ಅದ್ದಿದ್ದೆ. ಅದೂ ಬಿಸಿಲಿಗೆ ತಡೆಯಲಿಲ್ಲ. ಸಾಬೂನಿನಲ್ಲಿ ತೊಳೆದರೆ ಅದು ಕೆಂಪಾಯಿತು, ನಿಂಬೆಹಣ್ಣು ಹಿಂಡಿದರೆ ಮತ್ತೆ ಹಳದಿಗೆ ಬಂತು. ಹಳೆಯ ಪದ್ಧತಿಯಲ್ಲಿ ಕುಂಕುಮ ಮಾಡುವುದೂ ಹೀಗೆಯೇ, ಅರಿಶಿನಕ್ಕೆ ಸುಣ್ಣದಂಥ ಕ್ಷಾರ ಸೇರಿಸಿ. ನನ್ನ ಕರಡಿನಲ್ಲಿ ಅರಿಶಿನ, ಕುಂಕುಮ ಎರಡು ಬೇರೆ ಸಂಕೇತಗಳಾಗಿ ಎರಡು ಉಪಶೀರ್ಷಿಕೆಗಳಲ್ಲಿ ಇದ್ದವು. ಹಿತ್ತಲ ಬುಟ್ಟಿಯಲ್ಲಿ ಅವು ಒಂದೇ ಬೇರು.

ಹಾಗಾದರೆ ಹಲಾಯುಧ ಸುಳ್ಳಾಡಿಲ್ಲ. ಅರಿಶಿನ ಹೋಗುವ ಬಣ್ಣವೇ. ನಿಲ್ಲುವ ಹಳದಿ ಈ ಜಿಲ್ಲೆಯಲ್ಲೇ ಇತ್ತು, ಅದನ್ನು ನಿಲ್ಲಿಸುವ ವಿದ್ಯೆಯೂ ಇತ್ತು. ಜನ ತಿಳಿದೂ ಹೋಗುವುದನ್ನೇ ಆರಿಸಿಕೊಂಡರು. ಸುಲಭಕ್ಕೆ ಸಿಗುತ್ತದೆ, ಬೇಗ ಹತ್ತುತ್ತದೆ, ಮೈಗೆ ಒಳ್ಳೆಯದು ಎಂಬ ಕಾರಣಗಳು ಇದ್ದೇ ಇವೆ. ಆದರೆ ಬಿಸಿಲಿಗೆ ಹಾಕಿದ್ದ ತುಂಡನ್ನು ಆಯಿಗೆ ತೋರಿಸಿ, ನೀ ಹೇಳಿದಂಗ ಹೋತು ನೋಡು ಅಂದಾಗ ಆಕೆ ಕೊಟ್ಟ ಉತ್ತರದಲ್ಲಿ ನನಗೆ ಇನ್ನೊಂದು ಕಾರಣ ಕಂಡಿತು. "ಹೋದ್ರ ಏನಾತು? ಮತ್ತ ಅದ್ದಿದ್ರಾತು."

ಲಕ್ಷಣಕಾರನ ಮೂರೂ ಪ್ರಭೇದಗಳಲ್ಲಿ ಬಟ್ಟೆಯನ್ನು ಒಮ್ಮೆ ಮಾತ್ರ ಅದ್ದಲಾಗುತ್ತದೆ. ಒಮ್ಮೆ ಅದ್ದಿದ್ದು ಉಳಿಯಿತೋ ಇಲ್ಲವೋ ಎಂಬುದೇ ಅಲ್ಲಿಯ ಪರೀಕ್ಷೆ. ಆಯಿಯ ಲೋಕದಲ್ಲಿ ಬಣ್ಣ ದಿನದ ಕೆಲಸ, ಮೀಯುವಾಗ ಕೆನ್ನೆಗೆ, ಶುಕ್ರವಾರ ಹೊಸ್ತಿಲಿಗೆ, ವರ್ಷಕ್ಕೊಮ್ಮೆ ಹಳೆಯ ದಾರಕ್ಕೆ ಮತ್ತೆ. ಇಲ್ಲಿ ಬಣ್ಣ ಉಳಿಯುವುದು ತನ್ನ ಗುಣದಿಂದಲ್ಲ, ಯಾರೋ ಮತ್ತೆ ಹಚ್ಚುವುದರಿಂದ. ಪ್ರೀತಿಯ ಬಗ್ಗೆ ಈ ಎರಡು ನೋಟಗಳು ಬೇರೆ ಬೇರೆ. ಒಂದರಲ್ಲಿ ನಿಷ್ಠೆ ಎಂಬುದು ಸ್ವಭಾವ. ಇನ್ನೊಂದರಲ್ಲಿ ಅದು ರೂಢಿ, ದುಡಿಮೆ.

'ಪಕ್ಕಾ' ಬಣ್ಣದ ಆಸೆ ನಮಗೂ ಇದೆ, ಅಂಗಡಿಯಲ್ಲಿ ಸೀರೆ ಕೊಳ್ಳುವಾಗ ಮೊದಲು ಕೇಳುವುದೇ ಅದು. ನಮ್ಮ ಜಿಲ್ಲೆಯಲ್ಲಿ ಅದಕ್ಕೊಂದು ತುತ್ತತುದಿಯ ಉದಾಹರಣೆಯೂ ಇದೆ. ಗರಗದ ಖಾದಿ, ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ರಾಷ್ಟ್ರಧ್ವಜ. ಭಾರತೀಯ ಮಾನಕ ಸಂಸ್ಥೆಯ ಒಂದನೆಯ ಸಂಖ್ಯೆಯ ಮಾನದಂಡ, ಐಎಸ್ 1, ಇರುವುದೇ ಧ್ವಜಕ್ಕೆ. ಅದರಲ್ಲಿ ಬಣ್ಣದ ಛಾಯೆ, ಬಣ್ಣ ಬಿಡದಿರುವಿಕೆ ಎಲ್ಲಕ್ಕೂ ಅಳತೆಗಳಿವೆ. ಪ್ರಭುತ್ವದ ಬಟ್ಟೆ ಮಾಸಬಾರದು. ಮನೆಯ ದಾರ ಮಾಸಬೇಕು, ಮತ್ತೆ ಅದ್ದಿಸಿಕೊಳ್ಳಬೇಕು. ಒಂದೇ ಜಿಲ್ಲೆಯ ಎರಡು ಬಟ್ಟೆಗಳು ಹೀಗೆ ಎರಡು ಬಗೆಯ ನಿಷ್ಠೆಯನ್ನು ಬೇಡುತ್ತವೆ.

ಎರಡನೆಯ ಬಗೆಯ ನಿಷ್ಠೆ ಕಲೆಗೆ ಹೊಸದಲ್ಲ. ಅದೇ 'ರಂಜ್' ಧಾತುವಿನಿಂದ ಬಂದ ಇನ್ನೊಂದು ರಾಗವಿದೆ, ಹಾಡುವ ರಾಗ. ಅದರ ಊರು ನಮಗೆ ಕುಂದಗೋಳ. ರಾಮಭಾವು ಕುಂದಗೋಳಕರ, ಅಂದರೆ ಸವಾಯಿ ಗಂಧರ್ವರು (1886–1952), ಅಲ್ಲಿಯವರು. ಅವರಲ್ಲಿ ಕಲಿಯಲು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದರು. ಭೀಮಸೇನ ಜೋಶಿ ಗುರುವಿನ ಮನೆಯಲ್ಲೇ ಇದ್ದು ನೀರು ಹೊತ್ತು ಕಲಿತರು. ರಾಗ ಒಮ್ಮೆ ಕಲಿತರೆ ಗಂಟಲಿಗೆ ಪಕ್ಕಾ ಆಗುವುದಿಲ್ಲ. ಬೆಳಿಗ್ಗೆ ಕೂತು ಮತ್ತೆ ಅದ್ದಬೇಕು, ಅದಕ್ಕೆ ರಿಯಾಜ್ ಎನ್ನುತ್ತಾರೆ. ರಿಯಾಜ್ ಬೇಡುತ್ತದೆ ಎಂಬ ಕಾರಣಕ್ಕೆ ಸಂಗೀತದ ರಾಗವನ್ನು ಯಾರೂ ಚಂಚಲವೆಂದು ಜರಿದದ್ದಿಲ್ಲ. ಅರಿಶಿನಕ್ಕೆ ಮಾತ್ರ ಆ ಮಾತು ಬಂತು. ದಿನವೂ ಅರಿಶಿನ ಅದ್ದುವವರು ಹೆಂಗಸರಾದ್ದರಿಂದ ಆ ಕೆಲಸ ರಿಯಾಜ್ ಎಂದು ಎಣಿಕೆಗೆ ಬರಲಿಲ್ಲ ಎಂದು ನನ್ನ ಅನುಮಾನ.

ಇಷ್ಟನ್ನು ಒಂದು ವಿಚಾರ ಸಂಕಿರಣದಲ್ಲಿ ಓದಿದೆ. ಅಧ್ಯಕ್ಷತೆ ವಹಿಸಿದ್ದ ಹಿರಿಯರು ಸಮಾರೋಪದಲ್ಲಿ, ಇದು ಆಸಕ್ತಿಕರವಾದ ಜಾನಪದ ಸಂಗ್ರಹ, ವಿಮರ್ಶೆಯಲ್ಲ ಎಂದರು. ಕೃತಿಗೆ ಬರಬೇಕು ಎಂದರು. ಊಟದ ಸಾಲಿನಲ್ಲಿ ನಿಂತಾಗ ಅವರ ಮಾತು ಚುಚ್ಚುತ್ತಲೇ ಇತ್ತು. ಆದರೆ ಆ ಬೇಡಿಕೆ ನ್ಯಾಯವಾದದ್ದು. ಬಣ್ಣದ ವಿಷಯ ತಿಳಿದುಕೊಂಡರೆ ಕೃತಿಯಲ್ಲಿ ಮೊದಲು ಕಾಣದ್ದು ಏನಾದರೂ ಕಾಣುತ್ತದೆಯೇ? ಕಾಣದಿದ್ದರೆ ಅವರೇ ಸರಿ.

ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' (1976) ಬಾಲವಿಧವೆಯೊಬ್ಬಳ ದೀರ್ಘ ಬದುಕಿನ ಕಾದಂಬರಿ. 1983ರಲ್ಲಿ ಪ್ರೇಮಾ ಕಾರಂತರ ನಿರ್ದೇಶನದಲ್ಲಿ ಸಿನಿಮಾ ಆಯಿತು. ಅದನ್ನು ಮತ್ತು ವೈಧವ್ಯದ ಇತರ ಕಥನಗಳನ್ನು ನಾವು ಓದುವ ರೀತಿ ಬಹುಪಾಲು ಒಂದು ಘಟನೆಯ ಸುತ್ತ ತಿರುಗುತ್ತದೆ: ಕುಂಕುಮ ಅಳಿಸುವುದು, ಬಳೆ ಒಡೆಯುವುದು, ತಾಳಿ ತೆಗೆಯುವುದು. ಸಂಕೇತವನ್ನು ಕಿತ್ತುಕೊಳ್ಳುವ ಕ್ರೂರ ಕ್ಷಣ. ವಿಮರ್ಶೆ ಅಲ್ಲಿ ನಿಂತು ಕಣ್ಣೊರೆಸಿಕೊಂಡು ಮುಂದಿನ ಅಧ್ಯಾಯಕ್ಕೆ ಹೋಗುತ್ತದೆ. ನಾನೂ ಹೋಗಿದ್ದೆ.

ಅರಿಶಿನ ಹೋಗುವ ಬಣ್ಣ ಎಂದು ಗೊತ್ತಾದ ಮೇಲೆ ಆ ಓದು ಸಾಲದೆನಿಸಿತು. ಅರಿಶಿನವನ್ನು ಯಾರೂ ಅಳಿಸಬೇಕಾಗಿಲ್ಲ. ಸುಮ್ಮನೆ ಬಿಟ್ಟರೆ ಒಂದು ವಾರದಲ್ಲಿ ಅದೇ ಹೋಗುತ್ತದೆ. ಹಾಗಿದ್ದರೆ ವಿಧವೆಯಿಂದ ಕಿತ್ತುಕೊಂಡದ್ದು ಬಣ್ಣವನ್ನಲ್ಲ, ಮತ್ತೆ ಅದ್ದುವ ಹಕ್ಕನ್ನು. ಶಿಕ್ಷೆ ಇರುವುದು ಅಳಿಸಿದ ಆ ಒಂದು ದಿನದಲ್ಲಿ ಮಾತ್ರವಲ್ಲ, ಆಮೇಲೆ ಬರುವ ಸಾವಿರಾರು ಮುಂಜಾವುಗಳಲ್ಲಿ, ಹಚ್ಚಿಕೊಳ್ಳಬಹುದಾಗಿದ್ದೂ ಹಚ್ಚಿಕೊಳ್ಳದ ಪ್ರತಿ ದಿನದಲ್ಲಿ. 'ಫಣಿಯಮ್ಮ'ವನ್ನು ಈ ಕಣ್ಣಿನಿಂದ ಮತ್ತೆ ಓದಿದಾಗ ಅದರ ದೊಡ್ಡತನ ನನಗೆ ಬೇರೆ ಕಡೆ ಕಂಡಿತು. ಆ ಕಾದಂಬರಿ ಅಳಿಸುವ ಕ್ಷಣದಲ್ಲಿ ನಿಲ್ಲದೆ, ಆಮೇಲಿನ ದಶಕಗಳ ಒಂದೇ ತೆರನ ದಿನಗಳನ್ನು, ಮಡಿ, ಅಡುಗೆ, ಬಾಣಂತನದ ಕೆಲಸಗಳನ್ನು ತಾಳ್ಮೆಯಿಂದ ದಾಖಲಿಸುತ್ತದೆ. ಮೊದಲ ಓದಿನಲ್ಲಿ ನಾನು ಅದನ್ನು ನಿಧಾನಗತಿ, ಕಟ್ಟಡದ ದೌರ್ಬಲ್ಯ ಎಂದು ಗುರುತು ಹಾಕಿದ್ದೆ. ಆ ನಿಧಾನವೇ ಅದರ ವಿಷಯ. ಸಂಕೇತವನ್ನು ಹುಡುಕುವ ಓದಿಗೆ ಘಟನೆ ಬೇಕು. ಮಾಸುವುದನ್ನು ಬಲ್ಲ ಓದಿಗೆ ಮಾತ್ರ ದಿನಗಳು ಕಾಣುತ್ತವೆ.

ಅಧ್ಯಕ್ಷರಿಗೆ ಇದೇ ನನ್ನ ಉತ್ತರ. ಆ ದಿನ ಹೊಳೆಯಲಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಒಂದು ಎಚ್ಚರಿಕೆಯನ್ನು ನನಗೇ ಹೇಳಿಕೊಳ್ಳಬೇಕು. ನೈಸರ್ಗಿಕ ಬಣ್ಣ ಎಂದರೆ ಈಗ ಪೇಟೆಯಲ್ಲಿ ಒಂದು ಪುಣ್ಯದ ಹೊಳಪು ಬಂದಿದೆ. ದುಬಾರಿ ಅಂಗಡಿಗಳಲ್ಲಿ ದಾಳಿಂಬೆ ಸಿಪ್ಪೆಯ ಹಳದಿ ದುಪಟ್ಟಾಕ್ಕೆ ನನ್ನ ಒಂದು ತಿಂಗಳ ಪುಸ್ತಕದ ಖರ್ಚಿನಷ್ಟು ಬೆಲೆ. ಹಳೆಯದೆಲ್ಲ ಒಳ್ಳೆಯದಿತ್ತು, ಕಾರ್ಖಾನೆಯ ಬಣ್ಣ ಬಂದು ಕೆಡಿಸಿತು ಎಂಬ ಕಥೆ ಹೇಳಲು ಸುಲಭ. 1856ರಲ್ಲಿ ಲಂಡನ್ನಿನಲ್ಲಿ ಹದಿನೆಂಟರ ಹುಡುಗ ಪರ್ಕಿನ್ ಡಾಂಬರಿನಿಂದ ನೇರಳೆ ಬಣ್ಣ ತೆಗೆದ. 1884ರಲ್ಲಿ ಜರ್ಮನಿಯಲ್ಲಿ ಕಾಂಗೋ ರೆಡ್ ಬಂತು. ಅಳಲೆ, ಪಟಕ ಯಾವುದೂ ಇಲ್ಲದೆ ಹತ್ತಿಗೆ ನೇರವಾಗಿ ಹತ್ತುವ ಮೊದಲ ಕಾರ್ಖಾನೆ ಬಣ್ಣವದು. ಅಲ್ಲಿಂದ ಮುಂದೆ ಹತ್ತಿಯ ಹಟ ಮುರಿಯಿತು, ಬಣ್ಣಗಾರರ ಕಸುಬೂ ಮುರಿಯಿತು. ಆದರೆ ಬೂದಿನೀರಿನಲ್ಲಿ ಕೈ ಒಡೆಯುತ್ತಿದ್ದದ್ದು, ದಿನಗಟ್ಟಲೆ ಒಲೆಯ ಮುಂದೆ ಬೇಯುತ್ತಿದ್ದದ್ದು ಕೂಡ ಅಲ್ಲಿಗೆ ಎಷ್ಟೋ ಜನರಿಗೆ ತಪ್ಪಿತು. ಕಡಿಮೆ ಬೆಲೆಗೆ ಗಟ್ಟಿ ಹಳದಿ ಸೀರೆ ಬಡವರ ಮೈಮೇಲೂ ಬಂತು.

ನವಲಗುಂದ ಪೇಟೆಯಲ್ಲಿ ಜಮಖಾನ ನೇಯುವ ಮುಸ್ಲಿಂ ಹೆಣ್ಣುಮಕ್ಕಳಿದ್ದಾರೆ. ಆ ಜಮಖಾನಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಪಗಡೆಯ ಹಾಸು, ನವಿಲು, ಕೆಂಪು ಹಳದಿ ನೀಲಿಯ ಪಟ್ಟೆ; ಮನೆಯೊಳಗೆ ನಿಲುಮಗ್ಗದ ಮುಂದೆ ಕೂತು ಮಾಡುವ ಕೆಲಸ. ನೂಲಿಗೆ ಬಣ್ಣ ಪೇಟೆಯದೇ. ಅವರು ಮುತ್ತುಗದ ಹೂವಿಗೆ ಮರಳಬೇಕೆಂದು ನಾನು ಹೇಳಿದರೆ ಅದಕ್ಕಿಂತ ಪೊಳ್ಳು ಮಾತಿಲ್ಲ; ಹೂವು ಆರಿಸುವವಳೂ ಒಲೆ ಊದುವವಳೂ ನಾನಲ್ಲ. ನಾನು ಕೇಳುವುದು ಬಣ್ಣ ಸಹಜವೋ ಕೃತಕವೋ ಎಂದಲ್ಲ. ಕೃತಿಯಲ್ಲಿ ಒಂದು ಬಣ್ಣ ಕಂಡರೆ ಅದು ಯಾವುದರಿಂದ ಬಂತು, ಯಾರು ಅದ್ದಿದರು, ಎಷ್ಟು ದಿನ ನಿಂತಿತು, ಹೋದ ಮೇಲೆ ಮತ್ತೆ ಅದ್ದಲು ಯಾರಿಗೆ ಹಕ್ಕಿತ್ತು ಎಂದು ಕೇಳುತ್ತೇನೆ. ಇದರ ಅರ್ಥವೇನು ಎಂಬ ಪ್ರಶ್ನೆ ಇವೆಲ್ಲದರ ನಂತರ ಬರಲಿ.

ಆಯಿಯ ಗಂಡ ತೀರಿಕೊಂಡಾಗ ನನ್ನ ಅವ್ವ ಎರಡು ವರ್ಷದ ಕೂಸು. ಅಲ್ಲಿಂದ ಇವತ್ತಿನವರೆಗೆ ಆಯಿ ಹಣೆಗೆ ವಿಭೂತಿ ಮಾತ್ರ. ಮನೆಯ ಮದುವೆಗಳಲ್ಲಿ ಮದುಮಗಳಿಗೆ ಅರಿಶಿನ ಹಚ್ಚುವ ಹೊತ್ತಿಗೆ ಆಕೆ ಅಡುಗೆ ಮನೆಗೆ ಹೋಗಿಬಿಡುತ್ತಾಳೆ. ಯಾರೂ ಹೋಗು ಎನ್ನುವುದಿಲ್ಲ, ಯಾರೂ ಬಾ ಎನ್ನುವುದಿಲ್ಲ. ನನ್ನ ಚಿಕ್ಕಮ್ಮನ ಮಗಳ ಮದುವೆ ಈ ವರ್ಷ ಆಯಿತು. ಪಡಸಾಲೆಯಲ್ಲಿ ಐದು ಜನ ಮುತ್ತೈದೆಯರು ಸುತ್ತ ಕೂತು ಹಾಡುತ್ತಿದ್ದಾಗ ನಾನು ಎದ್ದು ಒಳಗೆ ಹೋದೆ. ಆಯಿ ಇನ್ನೂರು ಜನರ ಸಾರಿಗೆ ಅರಿಶಿನ ಹಾಕುತ್ತಿದ್ದಳು. ಹೊಸ ಕೊಂಬು ಕುಟ್ಟಿ ಜರಡಿ ಹಿಡಿದದ್ದೂ ಆಕೆಯೇ, ಹಿಂದಿನ ವಾರ. ಹೊರಗೆ ಬಟ್ಟಲಿನಲ್ಲಿದ್ದದ್ದು, ಒಳಗೆ ಸಾರಿನಲ್ಲಿದ್ದದ್ದು ಅದೇ ಪುಡಿ.

ಒಗ್ಗರಣೆಗೆ ಹಾಕುವ ಅರಿಶಿನಕ್ಕೆ ಹಾಕುವವಳು ಮುತ್ತೈದೆಯೋ ಎಂದು ಯಾರೂ ಕೇಳುವುದಿಲ್ಲ. ಐವತ್ತು ವರ್ಷದಿಂದ ಆಯಿಯ ಬಲಗೈಯ ಮೂರು ಬೆರಳು, ಉಗುರಿನ ಬುಡ ಹಳದಿಯೇ. ದಿನವೂ ಹೋಗುತ್ತದೆ, ದಿನವೂ ಹತ್ತುತ್ತದೆ. ಅವಳಿಗೆ ನಿಷೇಧಿಸಿದ ಬಣ್ಣ ಅವಳ ಕೈಯನ್ನು ಬಿಟ್ಟೇ ಇಲ್ಲ. ಅರವತ್ತು ಪುಟ ಬರೆದ ನನಗೆ, ಆ ಕೈಯಿಂದಲೇ ತುತ್ತು ತಿಂದು ಬೆಳೆದವಳಿಗೆ, ಅದು ಕಂಡಿರಲಿಲ್ಲ.

ಮರುದಿನ ಅಧ್ಯಾಯದ ಹೆಸರು ಬದಲಿಸಿದೆ. 'ಸಂಕೇತ' ಎಂಬ ಪದ ಹೊಡೆದುಹಾಕಿದೆ. ಹೊಸ ಹೆಸರೇನೆ ತಂಗಿ ಎಂದು ಆಯಿ ಕೇಳಿದಳು. ಇನ್ನೂ ಇಟ್ಟಿಲ್ಲ ಎಂದೆ. ಬೆರಳು ಸೆರಗಿಗೆ ಒರೆಸಿಕೊಂಡು, "ಮೊದಲ ಉಣ್ಣು ಬಾ" ಎಂದಳು. ಅವಳ ಬಿಳಿ ಸೆರಗಿನ ಅಂಚಿನಲ್ಲಿ ಹಳೆಯವೂ ಹೊಸವೂ ಸೇರಿ ಮೂರು ನಾಲ್ಕು ಹಳದಿ ಕಲೆಗಳಿದ್ದವು.